ನೆವೆನಾ ಆರಿಸಿದ ಗುಂಡು

"ಹಗುರ ಗುಂಡು ತಗೋ, ನೆವೆನಾ. ಕಣ್ಣು ಮಿಟುಕಿಸೋದ್ರೊಳಗೆ ಹೋಗಿ ಬಡಿಯುತ್ತೆ," ಎಂದು ಗ್ರೂಡಿ ಒಂದು ಪೆಟ್ಟಿಗೆಯನ್ನು ಅವಳ ಮುಂದೆ ನೂಕಿದ.

"ಬಡಿದು ಏನ್ಮಾಡುತ್ತೆ? ಹಂದಿಗೆ ಕಚಗುಳಿ ಇಡುತ್ತೆ!" ಸ್ಟಾಮೆನ್ ಆ ಪೆಟ್ಟಿಗೆಯನ್ನು ಸರಿಸಿ ಇನ್ನೊಂದನ್ನು ಇಟ್ಟ. "ಕಾಡುಹಂದಿಗೆ ಭಾರದ ಗುಂಡೇ ಬೇಕು. ಗಟ್ಟಿ ಗುಂಡು. ನನ್ನ ಮಾತು ಕೇಳು, ತಂಗಿ."

ಮೂವರೂ ಗ್ರೂಡಿಯ ಹಳೇ ಜೀಪಿನಲ್ಲಿ ಪಟ್ಟಣದ ಬಂದೂಕಿನಂಗಡಿಗೆ ಬಂದು ಮುಕ್ಕಾಲು ಗಂಟೆಯಾಗಿತ್ತು. ನೆವೆನಾ ಐವತ್ತೆರಡನೇ ವಯಸ್ಸಿನಲ್ಲಿ ಬೇಟೆಯ ಪರೀಕ್ಷೆ ಪಾಸು ಮಾಡಿ, ಯಾರೋ ಬಳಸಿದ್ದ ರೈಫಲ್ ಕೊಂಡು, ರೊಡೋಪಿ ಬೆಟ್ಟದ ತನ್ನ ಹಳ್ಳಿಯ ಬೇಟೆ ಗುಂಪಿಗೆ ಸೇರಿದ ಮೊದಲ ಹೆಂಗಸು. ಭಾನುವಾರ ಅವಳ ಮೊದಲ ಬೇಟೆ. "ಹಂದಿಯನ್ನ ಬರೀ ಗಾಯ ಮಾಡಿ ಓಡಿಸಿದೆಯೋ, ಮತ್ತೆ ನಿನಗೆ ಗುಂಪಿನಲ್ಲಿ ಜಾಗ ಇಲ್ಲ," ಎಂದು ಮುಖಂಡ ಸ್ಟಾಮೆನ್ ಎಲ್ಲರೆದುರು ಹೇಳಿಬಿಟ್ಟಿದ್ದ. ಹೇಳಿದ ತಪ್ಪಿಗೆ ಗುಂಡು ಆರಿಸಿಕೊಡಲು ತಾನೇ ಹೊರಟ. ಅವನೊಬ್ಬನೇ ಹೋದರೆ ಅವಳ ತಲೆ ಕೆಡಿಸುತ್ತಾನೆಂದು ಗ್ರೂಡಿಯೂ ಹೊರಟ.

"ಈ ಜಗಳ ಇವತ್ತು ಮುಗಿಯುತ್ತಾ, ಇಲ್ಲಾ ನಾನು ಊಟ ಮುಗಿಸಿ ಬರಲಾ?" ಅಂಗಡಿಯ ಅನಾಸ್ತಾಸ್ ಆಕಳಿಸಿದ.

ನೆವೆನಾ ಎರಡೂ ಪೆಟ್ಟಿಗೆಗಳನ್ನು ಪಕ್ಕಕ್ಕೆ ಸರಿಸಿದಳು. ಗುಂಪು ಹೊಡೆದು ತಂದ ಹಂದಿಗಳನ್ನೆಲ್ಲ ಇಪ್ಪತ್ತೆರಡು ವರ್ಷದಿಂದ ಸುಲಿದು ಕತ್ತರಿಸುತ್ತಿದ್ದವಳು ಅವಳೇ. ಆಗ ಗಂಡಸರು, ಹೊಡೆದವರು ಸುಲಿಯಬಾರದೆಂದು ತಾವೇ ನಿಯಮ ಮಾಡಿಕೊಂಡು, ಗುಂಪಿನ ಬೇಟೆಮನೆಯೊಳಗೆ ಒಲೆಯ ಪಕ್ಕ ರಾಕಿಯಾ ಸಾರಾಯಿ ಹೀರುತ್ತ ತಮ್ಮ ಗುರಿಯನ್ನು ತಾವೇ ಹೊಗಳಿಕೊಳ್ಳುತ್ತಿದ್ದರು.

"ಗ್ರೂಡಣ್ಣ, ಹೋದ ವರ್ಷ ಹುಲ್ಲುಗಾವಲಲ್ಲಿ ನೀನು ಹೊಡೆದ ಹಂದಿ ನೆನಪಿದೆಯಾ?"

"ಮರೆಯೋದುಂಟಾ! ನೂರು ಕಿಲೋ!"

"ಅದರ ಹೆಗಲಿನಿಂದ ನಿನ್ನ ಹಗುರ ಗುಂಡನ್ನ ಹನ್ನೊಂದು ಚೂರಾಗಿ ಹೆಕ್ಕಿದೀನಿ. ಸುತ್ತಲಿನ ಮಾಂಸವೆಲ್ಲ ಮೂಳೆ, ಕೂದಲು ಕಲಸಿದ ಮುದ್ದೆ. ನಾಯಿಗಳು ಮೂರು ದಿನ ಹಬ್ಬ ಮಾಡಿದ್ವು."

ಸ್ಟಾಮೆನ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ನೀನು ನಗಬೇಡ ಸ್ಟಾಮೆನಣ್ಣ. ನಿನ್ನ ಗುಂಡು ಒಂದೂ ನನ್ನ ಕೈಗೆ ಸಿಕ್ಕಿಲ್ಲ. ದಬ್ಬಳ ಚುಚ್ಚಿದ ಹಾಗೆ ಈ ಕಡೆಯಿಂದ ಆ ಕಡೆ. ತಾನು ಸತ್ತಿದೀನಿ ಅಂತ ಹಂದಿಗೆ ಗೊತ್ತಾಗೋ ಹೊತ್ತಿಗೆ ಅದು ಎರಡು ಗುಡ್ಡ ದಾಟಿರುತ್ತೆ. ನೀನು ಹೊಡೆದ ಆ ದೊಡ್ಡ ಗಂಡುಹಂದಿ ಕೊನೆಗೆ ಎಲ್ಲಿ ಬಿತ್ತು, ಹೇಳು?"

ಸ್ಟಾಮೆನ್ ಮೀಸೆ ತೀಡಿಕೊಂಡ. "ಪಕ್ಕದೂರಿನ ಕಾಡಲ್ಲಿ."

"ತಿಂದೋರು ಯಾರು?"

"ಪಕ್ಕದೂರಿನೋರು!" ಗ್ರೂಡಿ ಖುಷಿಯಿಂದ ಕೂಗಿದ.

ನೆವೆನಾ ಅನಾಸ್ತಾಸನ ಕಡೆ ತಿರುಗಿದಳು. "ಒಳಗೆ ಹೋಗಿ ಅಣಬೆ ಥರ ಅರಳಬೇಕು, ಆದ್ರೆ ಚೂರಾಗಬಾರದು. ಆ ಕಡೆಯಿಂದ ಹೊರಗೂ ಬರಬೇಕು, ರಕ್ತದ ಜಾಡು ಸಿಗಲಿ. ಅಂಥದ್ದು ಇದೆಯಾ?"

ಅನಾಸ್ತಾಸ್ ಅಂದು ಮೊದಲ ಬಾರಿ ನೆಟ್ಟಗೆ ನಿಂತ. ಕೆಳಗಿನ ಗೂಡಿನಿಂದ ಒಂದು ಪೆಟ್ಟಿಗೆ ತೆಗೆದ. "ತುದಿ ಮೆತ್ತನೆ ಸೀಸ, ತಾಮ್ರದ ಕವಚಕ್ಕೆ ಬೆಸೆದಿದ್ದಾರೆ. ಹನ್ನೊಂದು ಗ್ರಾಂ. ಅರಳುತ್ತೆ, ಒಡೆಯಲ್ಲ. ಆದ್ರೆ ಅಕ್ಕಾ, ಮೊದಲು ಗುರಿ ಹಲಗೆಗೆ ಹೊಡೆದು ನೋಡು. ನಿನ್ನ ರೈಫಲ್‌ಗೆ ಒಗ್ಗದ ಗುಂಡು ಎಷ್ಟು ಒಳ್ಳೇದಾದ್ರೂ ದಂಡ."

"ಹಾಗಾದ್ರೆ ಎರಡು ಪೆಟ್ಟಿಗೆ ಕೊಡು."

ವಾಪಸು ಬಂದವಳು ಒಂದು ಪೆಟ್ಟಿಗೆಯನ್ನು ಗುರಿ ಹಲಗೆಗೇ ಹೊಡೆದು ಖಾಲಿ ಮಾಡಿದಳು.

ಭಾನುವಾರ ಕಾಲಿನ ಹರಡು ಮುಳುಗುವಷ್ಟು ಹಿಮ ಬಿದ್ದಿತ್ತು. ಸ್ಟಾಮೆನ್ ಅವಳನ್ನು ತೊರೆಯ ಪಕ್ಕ, ಆರು ವರ್ಷದಿಂದ ಒಂದು ಮೊಲವೂ ಸುಳಿಯದ ಜಾಗದಲ್ಲಿ ನಿಲ್ಲಿಸಿ ಹೋದ. ಅವಳಿಗೆ ಅದು ಗೊತ್ತಿತ್ತು, ಸುಮ್ಮನೆ ನಿಂತಳು. ಎರಡು ಗಂಟೆ ಕಳೆಯಿತು, ಕಾಲು ಮರಗಟ್ಟಿತು. ಇದ್ದಕ್ಕಿದ್ದಂತೆ ಬೇಟೆನಾಯಿಗಳು ಬೊಗಳುವ ಸದ್ದು ಅವಳತ್ತ ತಿರುಗಿತು. ಪೊದೆ ಅಲುಗಿ ಹಂದಿ ಹೊರಬಂತು. ಅವಳು ರೈಫಲ್ ಎತ್ತಿ ಹೆಗಲಿಗಿಟ್ಟಳು. ಹಂದಿ ಪಕ್ಕೆ ಕೊಡುವ ತನಕ ಅವಳು ಉಸಿರು ಕಟ್ಟಿ ಕಾದಳು. ಮುಂಗಾಲಿನ ಹಿಂದೆ ಎಷ್ಟು ಬೆರಳು ಆಚೆಗೆ ಏನಿದೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಗುಂಡು ತಗುಲಿದ ಹಂದಿ ಮೂವತ್ತು ಹೆಜ್ಜೆ ಓಡಿ ತೊರೆ ದಾಟಿ ಬಿದ್ದಿತು. ನೆವೆನಾ ಹಿಮದ ಮೇಲೇ ಕುಕ್ಕರಿಸಿ ಕೂತು, ನಗುವೋ ಅಳುವೋ ತನಗೇ ತಿಳಿಯದೆ ಕಣ್ಣೊರೆಸಿಕೊಂಡಳು.

ಸ್ಟಾಮೆನ್ ಓಡೋಡಿ ಬಂದು ಎರಡೂ ಕಡೆಯ ತೂತುಗಳಿಗೆ ಬೆರಳಿಟ್ಟು ನೋಡಿದ. "ಮಾಂಸ ಒಂಚೂರೂ ಹಾಳಾಗಿಲ್ಲ," ಎಂದ, ದೂರು ಹೇಳುವವನ ಹಾಗೆ.

ಬೇಟೆಮನೆಯ ಚಪ್ಪರದ ಕೆಳಗೆ ಹಂದಿಯನ್ನು ನೇತುಹಾಕಿ ಎಲ್ಲರೂ ರೂಢಿಯಂತೆ ನೆವೆನಾಳ ಮುಖ ನೋಡಿದರು.

"ಹೊಡೆದವರು ಸುಲಿಯೋ ಹಾಗಿಲ್ಲ. ನಿಮ್ಮದೇ ನಿಯಮ," ಎಂದು ಅವಳು ಒಳಗೆ ಹೋದಳು.

"ಎಲ್ಲಿಂದ ಶುರು ಮಾಡೋದು?" ಹೊರಗೆ ಗ್ರೂಡಿಯ ಧ್ವನಿ ಮೆಲ್ಲಗೆ ಕೇಳಿತು.

"ನನ್ನನ್ನ ಕೇಳ್ತೀಯಲ್ಲೋ!" ಸ್ಟಾಮೆನ್ ಗೊಣಗಿದ.

ನೆವೆನಾ ಒದ್ದೆ ಬೂಟು ಕಳಚಿ ಕಾಲನ್ನು ಒಲೆಯ ಕಡೆ ಚಾಚಿದಳು. ದಪ್ಪ ಉಣ್ಣೆಯ ಕಾಲುಚೀಲದಿಂದ ಸಣ್ಣಗೆ ಹಬೆ ಏಳತೊಡಗಿತು.