ಮಡಚದ ಪೀಠ

ತಯ್ಯಬ್‌ರ ಶವವಿದ್ದ ಜನಾಜವನ್ನು ಎತ್ತಲು ನಾಲ್ವರು ಬಗ್ಗಿದ್ದರು. ಅಷ್ಟರಲ್ಲಿ ಲಿಂಗಪ್ಪಗೌಡರ ಜೀಪು ಬಂದು ನಿಂತಿತು. ಗೌಡರು ಎರಡೂ ಕೈಯಲ್ಲಿ ಹಲಸಿನ ಮರದ, ಪುಸ್ತಕವಿಟ್ಟು ಓದುವ ಮಡಚು ಪೀಠ ಹಿಡಿದು ಇಳಿದರು. ಅದು ಬಿಚ್ಚಿದಂತೆಯೇ ಇತ್ತು.

"ನಿಮ್ಮಪ್ಪಂದು," ಎಂದರು, ತಯ್ಯಬ್‌ರ ಮಗ ಶಾಕಿರನಿಗೆ.

"ಗೊತ್ತು. ಐದು ವರ್ಷ ಬಿಟ್ಟು ಈಗ ನೆನಪಾಯ್ತಾ ಗೌಡ್ರೇ?"

ಜಾವಳಿ ಸುತ್ತಿನ ಎಸ್ಟೇಟುಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ರಿಪೇರಿ ಮಾಡುತ್ತಿದ್ದ ತಯ್ಯಬ್, ಮೂವತ್ತು ಶ್ರಾವಣ ಗೌಡರ ಜಗಲಿಯಲ್ಲಿ ಕೂತು ಹಳೆಗಾಲದ ಯುದ್ಧಕಾವ್ಯ ಓದಿದವರು. ಗ್ರೀಸಿನ ಕೈ ಮೂರು ಸಲ ತೊಳೆದು ಅವರು ದನಿ ತೆಗೆದರೆ ಅಳುವ ಮಗುವೂ ಸುಮ್ಮನಾಗುತ್ತಿತ್ತು. ಓದು ಶುರುವಾದರೆ ಮಂಗಳ ಹಾಡುವತನಕ ಪೀಠ ಮಡಚುವಂತಿಲ್ಲ. ಮಡಚಿದರೆ ಓದಿಸಿದ ಮನೆಗೆ ಕೇಡು. ಊರವರು ಏನನ್ನು ಮರೆತರೂ ಇದನ್ನು ಮರೆಯುವವರಲ್ಲ.

* * *

ಅದು ೧೯೯೯ರ ಶ್ರಾವಣ. ಗಡಿಯಲ್ಲಿ ಯುದ್ಧ ಆಗಷ್ಟೇ ಮುಗಿದಿತ್ತು. ನಾಡಿಗಾಗಿ ಮಡಿಯಲು ಹೊರಟವರ ಪದ್ಯಕ್ಕೆ ತಯ್ಯಬ್ ದನಿ ಏರಿಸಿದ್ದರು. ಕಂಬಕ್ಕೆ ಒರಗಿ ನಿಂತಿದ್ದ ಗೌಡರ ಮಗ ಅರುಣ್, "ಅದಿರ್ಲಿ ಸಾಬ್ರೇ, ನಿಮ್ಮೋರು ಯಾವ ದೇಶದ ಕಡೆ? ಮೊದ್ಲು ಅದು ಹೇಳಿ, ಆಮೇಲೆ ಓದಿ," ಎಂದ.

ಯಾರೋ ನಕ್ಕರು. ತಯ್ಯಬ್ ಗೌಡರ ಮುಖ ನೋಡಿದರು. ಗೌಡರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ಅದೇ ಎಲೆಗೆ ಹಚ್ಚುತ್ತಲೇ ಇದ್ದರು.

ತಯ್ಯಬ್ ಪುಸ್ತಕ ಮುಚ್ಚಿ ಎದ್ದರು. ಪೀಠವನ್ನು ಮಾತ್ರ ಬಿಚ್ಚಿದಂತೆಯೇ ಬಿಟ್ಟು ಹೋದರು. ಅಷ್ಟು ಅವಮಾನದಲ್ಲೂ ಆ ಮನೆಗೆ ಕೇಡಾಗಬಾರದು ಅನ್ನಿಸಿತ್ತಲ್ಲ ಆ ಮನುಷ್ಯನಿಗೆ!

* * *

"ದಿನಾ ಒರೆಸಿಟ್ಟಿದೀನಿ ಮಾರಾಯ, ಮಡಚಿಲ್ಲ," ಎಂದರು ಗೌಡರು. "ಪದ್ಯ ಎಲ್ಲ ನಿಂಗೂ ಬಾಯಿಪಾಠ. ಒಂದಿನ ಬಂದು ಮಂಗಳ ಹಾಡ್ಬಿಡು. ಅವತ್ತು ನಾನು ಮಾತಾಡ್ಬೇಕಿತ್ತು. ತಪ್ಪಾಯ್ತು."

ಬಾಗಿಲಲ್ಲಿ ನಿಂತಿದ್ದ ತಯ್ಯಬ್‌ರ ಹೆಂಡತಿ ರಶೀದಾ ಕಣ್ಣೊರೆಸಿಕೊಳ್ಳಲಿಲ್ಲ. "ಪ್ರತಿ ಶ್ರಾವಣ ಇಸ್ತ್ರಿ ಅಂಗಿ ಹಾಕ್ಕೊಂಡು ಈ ಮೆಟ್ಟಿಲ ಮೇಲೆ ಕೂರೋರು ಗೌಡ್ರೇ. ನಿಮ್ಮ ಜೀಪು ಇದೇ ದಾರೀಲಿ ಹೋಗೋದು. ಒಂದ್ಸಲ ನಿಲ್ಸಿದ್ರೆ ಸಾಕಿತ್ತು."

ಜನಾಜದ ಸುತ್ತ ನಿಂತವರು ಕಾಯುತ್ತಿದ್ದರು.

ಶಾಕಿರ್ ಪೀಠ ಇಸಿದುಕೊಂಡ. ಐದು ವರ್ಷ ಅಲ್ಲಾಡದ ಮರ ಬಿಗಿದುಕೊಂಡಿತ್ತು. ಮೊಣಕಾಲಿಗೆ ಆನಿಸಿ ಎರಡೂ ಕೈಯಿಂದ ಅದುಮಿದ.

"ಬೇಡ, ಬೇಡ ಕಣೋ..."

ಗೌಡರು ಕೈ ಚಾಚುವಷ್ಟರಲ್ಲಿ ಹಲಗೆಗಳೆರಡೂ ಟಪ್ಪನೆ ಕೂಡಿಕೊಂಡವು.

ಮಡಚಿದ್ದನ್ನು ಗೌಡರ ಕೈಗಿಟ್ಟು, ಅವನು ಬಗ್ಗಿ ಅಪ್ಪನಿಗೆ ಹೆಗಲು ಕೊಟ್ಟ.