ಒಡೆಲ್ ಅತ್ತೆ ವ್ಯಾನು ಹತ್ತಿದ್ದು

ಜೂನ್ ತಿಂಗಳ ಮೊದಲ ಶನಿವಾರ ಬಾಯೂ ಅನ್ನುವ ನಮ್ಮ ಜೌಗು ಹೊಳೆಯ ದಂಡೆಯ ರಸ್ತೆಯುದ್ದಕ್ಕೂ ಪ್ರತಿ ಅಂಗಳದಲ್ಲೂ ಗಾಡಿಗಳು ಬಾನೆಟ್ ತೆರೆದುಕೊಂಡು ನಿಂತಿರುತ್ತವೆ. ಚಂಡಮಾರುತದ ಕಾಲ ಶುರುವಾಯಿತೆಂದು ತಿಳಿಯಲು ಲೂಸಿಯಾನಾದ ಈ ಮೂಲೆಯಲ್ಲಿ ಯಾರೂ ಕ್ಯಾಲೆಂಡರ್ ನೋಡುವುದಿಲ್ಲ. ಗಾಳಿ ಬಂದರೆ ಊರು ಬಿಟ್ಟು ಓಡಲು ಗಾಡಿ ಸಜ್ಜು ಮಾಡುವ ಆ ಕೆಲಸವನ್ನೆಲ್ಲ ಇಪ್ಪತ್ತೆಂಟು ವರ್ಷ ನನ್ನ ಗಂಡ ಅಲ್ಸೀಡ್ ಮಾಡುತ್ತಿದ್ದ. ಲಕ್ವ ಹೊಡೆದು ಅವನ ಬಲಗೈ, ಬಲಗಾಲು ಬಿದ್ದುಹೋದ ಮೇಲೆ ಅದು ನನ್ನ ಪಾಲಿಗೆ ಬಂತು. ಒಂಬತ್ತು ತಿಂಗಳು ಶಾಲೆಯ ಬಸ್ಸು ಓಡಿಸಿ ದಣಿದವಳಿಗೆ ರಜೆ ಬಂದರೂ ಗಾಡಿಯೇ ಗತಿ.

ಅಲ್ಸೀಡ್ ವರಾಂಡದ ಕುರ್ಚಿಯಲ್ಲಿ ಕೂತು ಅಪ್ಪಣೆ ಕೊಡಿಸುತ್ತಿದ್ದ.

"ಬ್ಯಾಟರಿ ನೋಡಿದ್ಯಾ?"

"ನೋಡ್ದೆ."

"ಸ್ಟೆಪ್ನಿಗೆ ಗಾಳಿ?"

"ಹಾಕಿಸ್ದೆ."

"ವೈಪರು?"

"ಇನ್ನೊಂದ್ಸಲ ಬಾಯಿ ಬಿಟ್ಟೆ ಅಂದ್ರೆ ನಿನ್ನನ್ನೇ ಡಿಕ್ಕಿಗೆ ತುಂಬಿ ಬೀಗ ಹಾಕ್ತೀನಿ ನೋಡು."

ಅವನು ಸೊಟ್ಟ ಬಾಯಲ್ಲೇ ನಕ್ಕ.

ಪಕ್ಕದ ಮನೆಯ ಮೆಕ್ಯಾನಿಕ್ ಫೆರೆಲ್ ಬಂದು ಚಕ್ರಗಳನ್ನು ಸವರಿ ನೋಡಿದ. "ಕೊರಿನ್ನಕ್ಕಾ, ಈ ಟೈರುಗಳು ನನ್ನ ತಲೆಗಿಂತ ನುಣ್ಣಗಿವೆ. ಇವನ್ನ ನಂಬ್ಕೊಂಡು ಉತ್ತರಕ್ಕೆ ಹೊರಡ್ತೀಯಾ?" ಟೈರು ಬದಲಾಯಿತು. ಮನೆಪತ್ರ, ವಿಮೆಯ ಕಾಗದಗಳು ಪ್ಲಾಸ್ಟಿಕ್ ಚೀಲ ಸೇರಿದವು. ಅಲ್ಸೀಡನ ಒಂದು ತಿಂಗಳ ಮಾತ್ರೆಗಳು ಐಸ್‌ಕ್ರೀಮ್ ಡಬ್ಬಿಯೊಳಗೆ ಕೂತವು. ನೀರು, ಡಬ್ಬಿ ಬೀನ್ಸ್, ಬಿಸ್ಕತ್ತು, ಕಂಬಳಿ, ಟಾರ್ಚು, ಅವನ ಊರುಗೋಲು, ಹತಾರದ ದೊಡ್ಡ ಪೆಟ್ಟಿಗೆ. ಹಳೆಯ ವ್ಯಾನಿಗೆ ಎಲ್ಲವೂ ಹಿಡಿಸಿತು. ಒಡೆಲ್ ಅತ್ತೆ ಮಾತ್ರ ಹಿಡಿಸಲಿಲ್ಲ.

"ನಾನು ಬರಲ್ಲ," ಅಂದರು ಅತ್ತೆ. ಅಲ್ಸೀಡನ ತಾಯಿ, ಎಂಬತ್ತನಾಲ್ಕು ವರ್ಷ ಅವರಿಗೆ. "ಈ ವರ್ಷ ಎಂಥ ಗಾಳಿ ಬಂದ್ರೂ ನಾನು ಮನೆ ಬಿಡಲ್ಲ."

ಒಂದು ದಿನ ಕೋಳಿಗಳ ನೆಪ, ಇನ್ನೊಂದು ದಿನ ಬೆಂಡೆ ಗಿಡಗಳ ನೆಪ. ಮಗ ಗೋಗರೆದ, ಕೂಗಾಡಿದ. ಅವರು ರೇಡಿಯೋದ ಜಪಮಾಲೆ ಪ್ರಾರ್ಥನೆಯನ್ನು ಜೋರು ಮಾಡಿದರು. ನನಗೆ ಸಿಟ್ಟು ಮಾಡಲೂ ತ್ರಾಣವಿರಲಿಲ್ಲ. ಕೊನೆಗೆ ಒಂದು ಉಪಾಯ ಮಾಡಿದೆ.

"ಗಾಡಿ ಪರೀಕ್ಷೆ ಮಾಡ್ಬೇಕು ಅತ್ತೆ. ಸೇತುವೆ ಆಚೆ ಅಂಗಡೀಲಿ ಬಿಸಿ ಬೂಡಾನ್ ತಿಂದ್ಕೊಂಡು ಬರೋಣ, ಅಷ್ಟೆ."

ಆ ಅನ್ನ ತುಂಬಿದ ಹಂದಿ ಸಾಸೇಜ್ ಅಂದರೆ ಅವರಿಗೆ ಪ್ರಾಣ. ಬಂದರು. ಆದರೆ ಬೆಳಗಿನ ಕಾಫಿಯನ್ನು ಮುಟ್ಟಲಿಲ್ಲ. ಮುನಿಸು ಅಂದುಕೊಂಡೆ.

ಸೀಗಡಿ ದೋಣಿಗಳಿಗೆ ದಾರಿ ಬಿಡಲು ಸೇತುವೆಯನ್ನು ಮೇಲೆತ್ತಿದ್ದರು. ಮತ್ತೆ ಇಳಿಸುವಾಗ ಏನೋ ಕೆಟ್ಟು ಅದು ಅಲ್ಲೇ ನಿಂತಿತು. ಮುಂದೆಯೂ ಹಿಂದೆಯೂ ಗಾಡಿಗಳ ಸಾಲು. ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಎಂಜಿನ್ ಕುದಿಯತೊಡಗಿತು. ಇಳಿದು ಬಾನೆಟ್ ಎತ್ತಿ, ಆವಿಯೊಳಗೆ ಕೈಹಾಕಿ, ಸಡಿಲವಾಗಿದ್ದ ಕೊಳವೆಯನ್ನು ಬಿಗಿದು ವಾಪಸು ಬಂದಾಗ ಅತ್ತೆಯ ಮುಖ ಬೆವರಿ ಬಿಳಿಚಿತ್ತು. ಎರಡೂ ಕೈಯಲ್ಲಿ ಮುಂದಿನ ಸೀಟನ್ನು ಹಿಡಿದುಕೊಂಡಿದ್ದರು.

"ಏನಾಯ್ತು ಅತ್ತೆ? ಎದೆ ನೋವಾ?"

ಅವರು ಮುಂದೆ ತೂಕಡಿಸುತ್ತಿದ್ದ ಮಗನ ಕಡೆ ನೋಡಿ ಪಿಸುಗುಟ್ಟಿದರು. "ಹೋಗ್ಬೇಕು."

"ಎಲ್ಲಿಗೆ?"

"ಎಲ್ಲಿಗೆ ಅಂತ ಕೇಳ್ತೀಯಲ್ಲೇ, ಪೆದ್ದಿ!"

ದಂಡೆಯ ಜೊಂಡಿನ ಹಿಂದೆ ಕರೆದುಕೊಂಡು ಹೋಗಿ ಕಂಬಳಿಯನ್ನು ಅಡ್ಡ ಹಿಡಿದು ನಿಂತೆ. ಮುಗಿದ ಮೇಲೆ ಅವರು ಗಾಡಿಯ ಕಡೆ ಹೊರಡಲಿಲ್ಲ. ಅಲ್ಲೇ ಒಂದು ಮರದ ದಿಮ್ಮಿಯ ಮೇಲೆ ಕೂತರು.

"ಹೋದ ವರ್ಷ ಗಾಳಿಗೆ ಊರು ಬಿಟ್ಟಾಗ ಹನ್ನೊಂದು ಗಂಟೆ ಗಾಡೀಲಿದ್ವಿ," ಅಂದರು. "ಏಳನೇ ಗಂಟೇಲಿ ನನ್ನ ಕೈ ಮೀರಿಹೋಯ್ತು. ಅಲ್ಸೀಡ್ ಸುಮ್ನೆ ಕಿಟಕಿ ಇಳಿಸ್ದ. ನೀನು ರಸ್ತೆ ನೋಡ್ತಾನೇ ಇದ್ದೆ. ಮಗಳ ಮನೆ ಮುಂದೆ, ಅಷ್ಟೂ ಮೊಮ್ಮಕ್ಕಳ ಎದುರಿಗೆ, ಒದ್ದೆ ಲಂಗದಲ್ಲಿ ಇಳಿದೆ." ಲಂಗದ ಅಂಚಿಗೆ ಅಂಟಿದ್ದ ಹುಲ್ಲನ್ನು ಕಿತ್ತೆಸೆದರು. "ಪ್ರವಾಹದಲ್ಲಿ ಸತ್ರೆ ಎಲ್ಲರೂ ಒದ್ದೆಯಾಗೇ ಸಾಯ್ತಾರೆ ಕೊರಿನ್. ಅದರಲ್ಲಿ ನಾಚಿಕೆ ಇಲ್ಲ."

ಇಷ್ಟು ದಿನ ಹಟ ಅಂದುಕೊಂಡಿದ್ದೆ. ಕೋಳಿಯಲ್ಲ, ಬೆಂಡೆಯಲ್ಲ, ಇದು.

"ನಂಗೆ ಅವತ್ತೇ ಗೊತ್ತಾಗಿತ್ತು ಅತ್ತೆ," ಅಂದೆ. "ನಿಲ್ಸೋಕೆ ಜಾಗ ಇರ್ಲಿಲ್ಲ ಅಂತ ಹೇಳ್ಬಹುದು. ಜಾಗ ಇತ್ತು. ಒಂದ್ಸಲ ಇಳಿದ್ರೆ ಮತ್ತೆ ಹತ್ತೋಕೆ ನನ್ನಿಂದಾಗಲ್ಲ ಅನ್ನಿಸ್ತು. ಅಷ್ಟು ಸೋತಿದ್ದೆ."

ಅತ್ತೆ ಬೈಯುತ್ತಾರೆ ಅಂದುಕೊಂಡೆ. "ಈಗಲಾದ್ರೂ ಹೇಳ್ದೆಯಲ್ಲ," ಅಂದು, ತಮ್ಮನ್ನು ಎಬ್ಬಿಸಲೆಂದು ಕೈ ಚಾಚಿದರು.

ಮರುದಿನ ಫೆರೆಲ್‌ನನ್ನು ಕರೆಸಿ ವ್ಯಾನಿನ ಕೊನೆಯ ಸೀಟು ತೆಗೆಸಿದೆ. ಅಲ್ಲಿ ಅತ್ತೆಗೆಂದು ಮುಚ್ಚಳದ ಬಕೆಟ್ಟು, ಅದರೊಳಗೆ ಸುರಿಯಲು ಒಂದು ಚೀಲ ಮರದ ಹೊಟ್ಟು, ಮೂರು ಲಂಗ, ಟವೆಲ್ಲು. ಮೇಲೊಂದು ಸರಳು, ಅದಕ್ಕೆ ಸ್ನಾನದಮನೆಯ ಪರದೆ.

"ಇದೇನಕ್ಕಾ, ಗಾಡಿಯೊಳಗೆ ಅಂತಃಪುರ?"

"ಹೌದು. ಬಾಯಿ ಮುಚ್ಕೊಂಡು ಸ್ಕ್ರೂ ತಿರುಗ್ಸು."

ಆದರೂ ಜಾಗ ಸಾಲಲಿಲ್ಲ. ಹತಾರದ ಪೆಟ್ಟಿಗೆ ಇಳಿಯಲೇಬೇಕಾಯಿತು. ಮೂವತ್ತು ವರ್ಷ ಹಡಗುಕಟ್ಟೆಯಲ್ಲಿ ಅಲ್ಸೀಡನ ಜೊತೆಗಿದ್ದ ಪೆಟ್ಟಿಗೆ ಅದು. ಹೇಗೆ ಹೇಳುವುದೆಂದು ನಾನು ತಡವರಿಸುತ್ತಿದ್ದಾಗ ಅವನೇ, "ಇಳಿಸು. ಈ ಕೈಗೆ ಇನ್ಯಾಕದು," ಅಂದ. ಆಮೇಲೆ ಆ ದಿನವೆಲ್ಲ ಒಂದು ಅಪ್ಪಣೆಯನ್ನೂ ಕೊಡಲಿಲ್ಲ.

ಸೆಪ್ಟೆಂಬರಿನಲ್ಲಿ ಗಾಳಿ ಬಂತು. ಊರು ಬಿಡಬೇಕೆಂದು ಆಜ್ಞೆಯಾದ ಬೆಳಿಗ್ಗೆ ಅತ್ತೆ ಕೋಳಿಗೂಡಿನ ಬಾಗಿಲು ತೆರೆದಿಟ್ಟು, ಯಾರೂ ಕರೆಯುವ ಮೊದಲೇ ಬಂದು ವ್ಯಾನು ಹತ್ತಿದರು. ನಾದಿನಿಯ ಊರು ತಲುಪಲು ಹದಿನಾಲ್ಕು ಗಂಟೆ ಹಿಡಿಯಿತು. ನಾಲ್ಕು ಸಲ ಹಿಂದಿನಿಂದ ಪರದೆ ಎಳೆದ ಸದ್ದು, ಜೊತೆಗೆ ಗದರಿಕೆ: "ಅಲ್ಸೀಡ್, ರೇಡಿಯೋ ಜೋರು ಮಾಡೋ!" ಅವನು ಎಡಗೈಯಲ್ಲಿ ತಡಕಾಡಿ ಜೋರು ಮಾಡುತ್ತಿದ್ದ. ನಾದಿನಿಯ ಮನೆ ಮುಂದೆ ಅತ್ತೆ ಒಣ ಲಂಗದಲ್ಲಿ ಇಳಿದು, ಮೊಮ್ಮಕ್ಕಳಿಂದ ಮುತ್ತಿಡಿಸಿಕೊಂಡು ಒಳಗೆ ನಡೆದರು.

ಹನ್ನೆರಡು ದಿನದ ಮೇಲೆ ಮರಳಿದೆವು. ಅರ್ಧ ಛಾವಣಿ ಇರಲಿಲ್ಲ. ವರಾಂಡ ದಾಟಿ ಒಳಗೂ ಕೆಸರು, ಅಡುಗೆಮನೆಯ ಫ್ರಿಜ್ಜು ಅಂಗಳದಲ್ಲಿ ಅಂಗಾತ ಬಿದ್ದಿತ್ತು. ಎಂಜಿನ್ ಆರಿಸಿದೆ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟೆ, ಕೈ ಅಲ್ಲೇ ನಿಂತಿತು.

"ಇಳಿಯಲ್ವಾ?" ಅಂದ ಅಲ್ಸೀಡ್.

ಸ್ಟೀರಿಂಗಿಗೆ ಹಣೆ ಆನಿಸಿದೆ. ಹಿಂದಿನಿಂದ ಅತ್ತೆಯ ಕೈ ನನ್ನ ಹೆಗಲ ಮೇಲೆ ಬಂತು.

"ಮಲ್ಕೋ ಒಂದ್ ಗಳಿಗೆ. ಕೆಸರು ಎಲ್ಲಿಗೂ ಓಡಿಹೋಗಲ್ಲ."

ಸೀಟನ್ನು ಹಿಂದಕ್ಕೆ ಬಾಗಿಸಿ ಕಣ್ಣು ಮುಚ್ಚಿದೆ.