ಗುರುಬಸವನ ಕೈಗೆ ಹಾಕಿದ ಬರೆ

ಕೊಟ್ಟೂರಿನ ಪಂಚಾಕ್ಷರಪ್ಪ ಬೆಳಿಗ್ಗೆ ರೊಟ್ಟಿ ತಿಂದು ಗೊಬ್ಬರದ ಅಂಗಡಿಗೆ ಹೊರಟರೆ, ಹಿಂದೆಯೇ ಮಗ ಗುರುಬಸವರಾಜ ಹೊರಡುತ್ತಿದ್ದ. ಇಪ್ಪತ್ತಾರು ವರ್ಷದವನು. ಕುಡಿತವಿಲ್ಲ, ಜಗಳವಿಲ್ಲ. ಆದರೂ ಆ ವರ್ಷ ಮೂರು ಸಲ ಬೆಂಕಿ ಹಚ್ಚಿದ್ದ. ಎರಡು ಸಲ ಅಂಗಡಿ ಹಿಂದಿನ ಖಾಲಿ ಚೀಲಗಳಿಗೆ. ಮೂರನೆಯ ಸಲ ಪಕ್ಕದವರ ಬಣವೆಗೆ.

"ಅವರ ಮ್ಯಾಲ ಸಿಟ್ಟೇನೋ ಬಸು?" ತಾಯಿ ನಾಗಲಿಂಗಮ್ಮ ಕೇಳಿದಳು.

"ಯಾರ ಮ್ಯಾಲೂ ಇಲ್ಲಬೇ. ಎದಿ ಬಿಗಿತೈತಿ. ಉರಿ ಎದ್ದ ಮ್ಯಾಲ ಹಗುರ ಆಗ್ತೈತಿ. ಆಮ್ಯಾಲ ನಾಚಿಕಿ ಬಂದು ಸಾಯಂಗ ಆಗ್ತೈತಿ." ಅವನು ತಾಯಿಯ ಮುಂದೆ ಬಿಕ್ಕಿ ಬಿಕ್ಕಿ ಅತ್ತ.

ನಾಗಲಿಂಗಮ್ಮನ ತಂಗಿಯ ಮಗಳು ವಾಣಿಶ್ರೀ ಹಗರಿಬೊಮ್ಮನಹಳ್ಳಿಯಲ್ಲಿ ನರ್ಸು. ಸುದ್ದಿ ಕೇಳಿ ಬಂದವಳು ಬಿಡಿಸಿ ಹೇಳಿದಳು: "ದೊಡ್ಡವ್ವ, ಹಗಿ ಇಲ್ಲ, ಲಾಭ ಇಲ್ಲ, ಆದ್ರೂ ಹಚ್ಚಬೇಕು ಅನ್ನಸೋದು ಒಂದು ಮನಸಿನ ಕಾಯಿಲಿ. ಪೈರೋಮೇನಿಯಾ ಅಂತಾರ. ಅದೋ ಅಲ್ಲೋ ಮನೋವೈದ್ಯರೇ ನೋಡಿ ಹೇಳಬೇಕು. ಕೂತು ಮಾತಾಡಿ ಚಿಕಿತ್ಸಿ ಕೊಡ್ತಾರ. ಕರಕೊಂಡು ಹೋಗೋಣು."

"ಹುಚ್ಚ ಅಂತ ಚೀಟಿ ಬರಸಿದ್ರ ಹೆಣ್ಣು ಯಾರು ಕೊಡ್ತಾರವಾ?" ಪಂಚಾಕ್ಷರಪ್ಪ ಗದರಿದ. "ಅವಗ ಗಾಳಿ ಸೋಕೈತಿ. ಶುಕ್ರವಾರ ಮಂತ್ರವಾದಿ ಗುರುಸಂಗಪ್ಪ ಬಂದು ಬಿಡಿಸ್ತಾನ."

"ನಾ ದವಾಖಾನಿಗೆ ಹೋಗ್ತೀನವಾ," ಎಂದ ಮಗ.

"ಶುಕ್ರವಾರದ್ದು ಮುಗೀಲಿ, ಆಮ್ಯಾಲ ಹೋಗೋಣು," ಎಂದಳು ತಾಯಿ.

ಗುರುಸಂಗಪ್ಪ ಕುಡುಗೋಲು ಕಾಯಿಸಿದ. "ಹಚ್ಚೋ ಕೈಗೇ ಬರಿ ಹಾಕಬೇಕ್ರಿ. ಗಟ್ಟಿಯಾಗಿ ಹಿಡಕೋವಾ." ನಾಗಲಿಂಗಮ್ಮ ಕಣ್ಣು ಮುಚ್ಚಿ ಮಗನ ಮುಂಗೈಗಳನ್ನು ಹಿಡಿದಳು. ಚರ್ಮ ಸುಟ್ಟ ವಾಸನೆ ಮನೆಯೆಲ್ಲ ತುಂಬಿತು.

ಅಂಗೈಗಳ ಗಾಯ ಕೀವಾಯಿತು. ಗುರುಸಂಗಪ್ಪ ಕೊಟ್ಟ ಭಸ್ಮವನ್ನೇ ಹಚ್ಚಿದರು. ಒಂದು ವಾರ ಅವಳೇ ತುತ್ತು ಮಾಡಿ ಉಣಿಸಿದಳು. ಎಂಟನೆಯ ದಿನ ಜ್ವರದಲ್ಲಿ ಮಗನಿಗೆ ಅವಳ ಗುರುತೂ ಸಿಗಲಿಲ್ಲ. ಆಸ್ಪತ್ರೆಗೆ ಒಯ್ದಾಗ ನಂಜು ರಕ್ತಕ್ಕೆ ಏರಿತ್ತು. ಮಧ್ಯಾಹ್ನದ ಹೊತ್ತಿಗೆ ಉಸಿರು ನಿಂತಿತು.

"ಕೈ ಮ್ಯಾಲ ಬಿಸಿ ಎಣ್ಣಿ ಬಿದ್ದಿತ್ರಿ," ಎಂದ ಪಂಚಾಕ್ಷರಪ್ಪ ಡಾಕ್ಟರಿಗೆ.

"ಎಣ್ಣಿ ಅಲ್ರಿ ಡಾಕ್ಟ್ರೇ," ಎಂದಳು ನಾಗಲಿಂಗಮ್ಮ. "ಬರಿ ಹಾಕಿಸೀವಿ. ಕೈ ಹಿಡಿದಾಕಿ ನಾನು."

ಪೊಲೀಸರು ಬಂದು ಕೇಳಿ ಬರೆದುಕೊಂಡು ಹೋದರು, ಮುಂದೇನೂ ಆಗಲಿಲ್ಲ. ಗುರುಸಂಗಪ್ಪ ಕೆಲವು ದಿನ ಊರು ಬಿಟ್ಟಿದ್ದು, ತಿರುಗಿ ಬಂದ. ನಿಜ ಹೇಳಿದ್ದಕ್ಕೆ ಗಂಡ ನಾಗಲಿಂಗಮ್ಮನೊಂದಿಗೆ ಮಾತು ಬಿಟ್ಟ.

ಎರಡು ತಿಂಗಳಾದ ಮೇಲೆ, ಹಿಂದಿನ ಓಣಿಯ ಪಂಪಮ್ಮ ಮೂರ್ಛೆ ಬೀಳುವ ಸೊಸೆಯನ್ನು ಗುರುಸಂಗಪ್ಪನ ಹತ್ತಿರ ಒಯ್ಯುತ್ತಾಳೆಂದು ತಿಳಿಯಿತು. ನಾಗಲಿಂಗಮ್ಮ ಹೊರಗೆ ಕಾಲಿಡದೆ ಕೂತವಳು ಎದ್ದು ಹೋದಳು. ಅವರ ಪಡಸಾಲೆಯಲ್ಲಿ ಕುಳಿತು ಕುಡುಗೋಲು, ಕೀವು, ಜ್ವರ, ಒಂದನ್ನೂ ಮುಚ್ಚಿಡದೆ ಹೇಳಿದಳು. ಸೊಸೆ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು.

ಪಂಪಮ್ಮ ಕಣ್ಣೊರೆಸಿಕೊಂಡು ಅವಳಿಗೆ ಚಹಾ ಕೊಟ್ಟಳು. "ನಿಮ್ಮ ಹುಡುಗಗ ಸೋಕಿದ್ದು ಭಾರಿ ಗಾಳಿರಿ ಅಕ್ಕಾರ. ನಮ್ಮ ಹುಡುಗಿಗೆ ಅಷ್ಟೇನಿಲ್ಲ."

ಗುರುಸಂಗಪ್ಪನಲ್ಲಿಗೆ ಹೋಗುವ ಆಟೊ ಆಗಲೇ ಬಾಗಿಲಿಗೆ ಬಂದು ನಿಂತಿತ್ತು.